ಒಂಬತ್ತು ವರ್ಷ ಬಿಚ್ಚದ ಗಾದಿ

ನಾನು ಒಂದು ಸಹಿ ಮಾಡಬೇಕಿತ್ತು. ಮಾಡಲಿಲ್ಲ. ಮಾಡಲಿಲ್ಲ ಎಂಬುದನ್ನೂ ಹೇಳಲಿಲ್ಲ — ವಕೀಲರೇ ಆಗುವುದಿಲ್ಲ ಎಂದರು ಅಂತ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿದವನು ನನ್ನ ಒಡಹುಟ್ಟಿದ ಅಣ್ಣ. ನಂಬಿದ್ದರಿಂದ ಅವನ ಕೈಗೆ ಬಂದಿದ್ದ ಕೆಲಸ ಹೋಯಿತು. ಕೆಲಸ ಹೋದದ್ದರಿಂದ ಅವನ ಮೊಣಕಾಲು ಹೋಯಿತು. ಇದನ್ನು ಸುತ್ತಿ ಬಳಸಿ ಹೇಳುವ ವಿದ್ಯೆ ನನಗಿಲ್ಲ, ಅದು ಬೇಕಾಗಿಯೂ ಇಲ್ಲ.

ಮುದ್ದೇಬಿಹಾಳದ ಬಜಾರಿನಲ್ಲಿ ನಮ್ಮದು ಗಾದಿಯ ಅಂಗಡಿ. ನಾವು ನದಾಫರು. ಹತ್ತಿ ಹಿಂಜುವುದು, ಗಾದಿ ತುಂಬಿ ಹೊಲಿಯುವುದು, ಹಳೆಯ ಗಾದಿ ಬಿಚ್ಚಿ ಗಂಟುಗಟ್ಟಿದ ಹತ್ತಿಯನ್ನು ಮತ್ತೆ ಹಿಂಜಿ ಹೊಸದರಂತೆ ಮಾಡಿಕೊಡುವುದು — ಅಜ್ಜನ ಕಾಲದಿಂದ ಇದೇ ಕೆಲಸ. ನನ್ನ ಹೆಸರು ರಾಜೇಸಾಬ. ಅಣ್ಣ ದಾವಲಸಾಬ, ನನಗಿಂತ ಮೂರು ವರ್ಷ ದೊಡ್ಡವನು. ಆದರೆ ಬೆಳಗಾವಿಯಿಂದ ಗೋವೆಯವರೆಗೆ, ಕೊಲ್ಲಾಪುರದಿಂದ ಕೇರಳದವರೆಗೆ, ಫುಟ್ಬಾಲ್ ಮೈದಾನಗಳಲ್ಲಿ ಅವನನ್ನು ದಾವಲ್ ಎಂದು ಕರೆದವರು ಯಾರೂ ಇಲ್ಲ. ಅಲ್ಲೆಲ್ಲ ಅವನು ರಾಜೇಸಾಬ. ನನ್ನ ಹೆಸರಿನಲ್ಲಿ ಅವನು ಇಪ್ಪತ್ತು ವರ್ಷ ಆಡಿದ.

ಅದು ಹೀಗಾಯಿತು. ನಮ್ಮ ಕಡೆ ಆಟವೆಂದರೆ ಕಬಡ್ಡಿ, ವಾಲಿಬಾಲ್. ಆದರೆ ನಮ್ಮ ಶಾಲೆಗೆ ಬಂದಿದ್ದ ಡ್ರಿಲ್ ಮಾಸ್ತರರಿಗೆ ಫುಟ್ಬಾಲಿನ ಹುಚ್ಚು. ಏಳನೆಯ ಇಯತ್ತೆಯಲ್ಲಿ ನಪಾಸಾಗಿ ಶಾಲೆ ಬಿಟ್ಟು ಹತ್ತಿಯ ಮಷೀನಿನ ಮುಂದೆ ನಿಂತಿದ್ದ ಅಣ್ಣನನ್ನು ಅವರೇ ಸಂಜೆ ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ಅಪ್ಪ ಅವನ ಕಾಲಿಗೆ ಕಟ್ಟಿಕೊಳ್ಳಲು ಹತ್ತಿ ತುಂಬಿದ ಎರಡು ಪಟ್ಟಿ ಹೊಲಿದುಕೊಟ್ಟಿದ್ದ. ಒಮ್ಮೆ ಬಸವನ ಬಾಗೇವಾಡಿಯಲ್ಲಿ ಹುಡುಗರನ್ನು ಆರಿಸಿದರು. ಆಯ್ಕೆಯಾದವರಿಗೆ ಬೆಳಗಾವಿ ಕಡೆಯ ಒಂದು ಕ್ರೀಡಾಶಾಲೆಯಲ್ಲಿ ಊಟ, ವಸತಿ, ಆಟ ಎಲ್ಲ. ಅಣ್ಣನನ್ನು ಮೊದಲ ಹತ್ತು ನಿಮಿಷದಲ್ಲೇ ಆರಿಸಿದರಂತೆ. ತೊಡಕು ಒಂದೇ — ಹದಿಮೂರು ತುಂಬಿರಬಾರದು. ಅಣ್ಣನಿಗೆ ಹದಿನೈದು.

ನನಗೆ ಹನ್ನೆರಡು. ಆರನೆಯ ಇಯತ್ತೆ. ಲೆಕ್ಕದಲ್ಲಿ ನಾನೇ ಮೊದಲು ಎಂದು ಹೇಳಿದರೆ ಜಂಬವಾಗುತ್ತದೆ, ಆದರೆ ನಿಜ.

ಅಪ್ಪ ಶಾಲೆಗೆ ಹೋಗಿ ನನ್ನ ಟಿ.ಸಿ. ತಂದ. ಟಿ.ಸಿ. ಎಂಬುದು ಒಬ್ಬನಿಗೆ ಒಂದೇ ಸಲ ಕೊಡುವ ಕಾಗದ. ಕೊಟ್ಟ ಮೇಲೆ ಹಾಜರಿಯಲ್ಲಿ ಅವನ ಹೆಸರು ಇರುವುದಿಲ್ಲ. ಮರುದಿನದಿಂದ ನನ್ನ ಹೆಸರು ಬೆಳಗಾವಿಗೆ ಹೋಯಿತು, ನಾನು ಹತ್ತಿಯ ಮಷೀನಿಗೆ ಬಂದೆ. ಬರುವ ವರ್ಷ ಏನಾದರೂ ಮಾಡಿ ಸೇರಿಸುತ್ತೇನೆ ಎಂದ ಅಪ್ಪ — ಆ ಬರುವ ವರ್ಷ ಇನ್ನೂ ಬಂದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿ ಒಂದೇ ಮಾತು ಹೇಳಿದ್ದ.

"ರಾಜ್ಯಾ, ನಿನ್ನ ಹೆಸರ ನಾ ಕೆಡಸೂದಿಲ್ಲ."

ಕೆಡಿಸಲಿಲ್ಲ. ಅದನ್ನು ಈಗ ಹೇಳಬಲ್ಲೆ.

ಅವನು ಗೋಲು ಹೊಡೆಯುವವನಲ್ಲ, ತಡೆಯುವವನು. ದೊಡ್ಡ ಆಟಗಾರನಾಗಲಿಲ್ಲ, ದೇಶಕ್ಕೆ ಆಡಲಿಲ್ಲ. ಒಂದು ಸೀಜನ್ ಒಂದು ತಂಡ, ಮುಂದಿನ ಸೀಜನ್ ಇನ್ನೊಂದು. ಕೊಲ್ಲಾಪುರದಲ್ಲಿ ಪೇಟೆಪೇಟೆಗೂ ಒಂದೊಂದು ತಂಡ. ಹಿಂದಿನ ವರ್ಷ ಹೆಗಲ ಮೇಲೆ ಹೊತ್ತು ಕುಣಿದವರೇ ಈ ವರ್ಷ ಎದುರಿನ ಪೇಟೆಗೆ ಹೋದನೆಂದು ಕಲ್ಲು ಬೀಸುತ್ತಿದ್ದರಂತೆ. ಬೇಸಿಗೆಯಲ್ಲಿ ಕೇರಳಕ್ಕೆ ಹೋಗಿ ಏಳು ಜನರ ಆಟ ಆಡುತ್ತಿದ್ದ. ಮಳೆಗಾಲ ಮುಗಿದ ಮೇಲೆ ಗೋವೆ. ಯಾರಾದರೂ ಕಾಲು ಮುರಿದುಕೊಂಡರೆ ಆ ಜಾಗಕ್ಕೆ ಇವನಿಗೆ ಫೋನು. ಒಂದು ಚೀಲ, ಎರಡು ಜೊತೆ ಬೂಟು — ಅಷ್ಟೇ ಅವನ ಸಂಸಾರ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಊರಿನ ಮೈದಾನದಲ್ಲಿರುತ್ತಿದ್ದ.

ಪೇಪರಿನಲ್ಲಿ ತಂಡದ ಫೋಟೋ, ಹನ್ನೊಂದು ಹೆಸರು ಬಂದರೆ ಕತ್ತರಿಸಿ ಕಳಿಸುತ್ತಿದ್ದ. ಅಪ್ಪ ಅವಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗು ಹಾಕುತ್ತಿದ್ದ. ಹೆಸರು ನನ್ನದು. ಮುಖ ಮಸುಕು, ನಮ್ಮಿಬ್ಬರದೂ ಒಂದೇ ಅಚ್ಚು. ಓಣಿಯವರಿಗೆ ನಿಜ ಗೊತ್ತಿತ್ತು. ಹಳ್ಳಿಗಳಿಂದ ಬರುವ ಗಿರಾಕಿಗಳಿಗೆ ಗೊತ್ತಿರಲಿಲ್ಲ. "ಇದು ನೀವಽ ಏನ್ರಿ?" ಎಂದು ಕೇಳುತ್ತಿದ್ದರು. ನಾನು ಹೌದು ಅನ್ನುತ್ತಿರಲಿಲ್ಲ. ಅಲ್ಲ ಎಂದೂ ಅನ್ನುತ್ತಿರಲಿಲ್ಲ. ದಬ್ಬಣಕ್ಕೆ ದಾರ ಪೋಣಿಸುತ್ತ ಸುಮ್ಮನೆ ನಗುತ್ತಿದ್ದೆ — ಆ ನಗುವೇ ನನ್ನ ಮೊದಲ ಸುಳ್ಳು.

ಅಣ್ಣನ ಹೆಸರು, ಅಂದರೆ ನನ್ನ ಹೆಸರು, ದಪ್ಪ ಅಕ್ಷರದಲ್ಲಿ ಬಂದದ್ದು ಒಂದೇ ಸಲ. ಚೆಂಡು ಅವನ ಕಾಲಿಗೆ ತಾಗಿ ತನ್ನದೇ ಗೋಲಿಗೆ ಹೋಗಿ ತಂಡ ಸೋತಿತ್ತು. ಮರುದಿನ ಎದುರಿನ ಚಹಾದಂಗಡಿಯ ಶಿವಪ್ಪ ಪೇಪರು ಹಿಡಿದು ಬಂದ.

"ಏನಪಾ ರಾಜೇಸಾಬ, ಗಾದಿ ಹೊಲ್ಯೂದ ಬಿಟ್ಟು ನಿನ್ನೆ ನಿಮ್ಮ ಕಡೀ ಗೋಲಿಗೇ ಹೊಡದಿಯಂತಲ್ಲ?"

"ಬಿಸಲಾಗ ಕಣ್ಣ ಕಾಣಲಿಲ್ರಿ ಕಾಕಾ" ಎಂದೆ. ಎಲ್ಲರೂ ನಕ್ಕರು. ನಗು ಮುಗಿದ ಮೇಲೂ ನನ್ನ ಕಿವಿ ಬಿಸಿಯಾಗಿತ್ತು. ಮಾಡದ ತಪ್ಪಿಗೆ ನನಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಆ ಹೊತ್ತಿಗೆ ನಾನು ಎಷ್ಟು ಒಳಗೆ ಹೋಗಿದ್ದೆ ಎಂಬುದು — ಅದು ನನಗೆ ತಿಳಿದದ್ದು ಬಹಳ ತಡವಾಗಿ.

ಗೋವೆಯ ತಂಡದಲ್ಲಿ ಅಣ್ಣನ ಜೊತೆ ಒಂದೇ ಕೋಣೆಯಲ್ಲಿದ್ದವನು ರಾಮೋನ್. ಪರಾಗ್ವೆ ದೇಶದವನು, ಅಣ್ಣನಂತೆಯೇ ತಡೆಯುವ ಆಟಗಾರ. ಹದಿಮೂರು ತಂಡ, ಆರು ದೇಶ ತಿರುಗಿ ಬಂದಿದ್ದ. ಇಡೀ ಆಯುಷ್ಯದಲ್ಲಿ ಹೊಡೆದದ್ದು ನಾಲ್ಕು ಗೋಲು. ಒಮ್ಮೆ ಸೀಜನ್ ನಡುವೆ ಬಿಡುವು ಸಿಕ್ಕಾಗ ಅಣ್ಣ ಅವನನ್ನು ಮುದ್ದೇಬಿಹಾಳಕ್ಕೆ ಕರೆತಂದ. ಬಸ್ಸಿನಿಂದ ಇಳಿಯುವಾಗ ಬಾಗಿಲಿಗೆ ತಲೆ ತಾಗಿಸಿಕೊಂಡೇ ಇಳಿದ. ನಮ್ಮ ಅಂಗಡಿಯ ಅತಿ ಉದ್ದದ ಗಾದಿಯ ಮೇಲೆ ಮಲಗಿಸಿದರೂ ಕಾಲು ಹೊರಗೆ. ಬೆಳಿಗ್ಗೆ ಅಪ್ಪ ಗಾದಿಯ ತುದಿ ಬಿಚ್ಚಿ, ಒಂದು ಮೊಳ ಬಟ್ಟೆ ಸೇರಿಸಿ, ಹತ್ತಿ ತುಂಬಿ ಹೊಲಿದ. ರಾಮೋನ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಅಪ್ಪನ ದಬ್ಬಣವನ್ನೇ ನೋಡುತ್ತಿದ್ದ. ಅವ್ವ ಒಳಗಿನಿಂದ, "ಇಷ್ಟ ಉದ್ದ ಮನಷ್ಯಾಗ ಎಷ್ಟ ರೊಟ್ಟಿ ಬಡೀಬೇಕೊ ಯಪ್ಪಾ" ಎಂದು ಗೊಣಗುತ್ತಿದ್ದಳು. ಅವನು ಏಳು ತಿಂದ.

ಅವನು ಅಣ್ಣನನ್ನು ಕರೆಯುತ್ತಿದ್ದದ್ದು 'ರಾಹಾ' ಎಂದು — ನನ್ನ ಹೆಸರೇ, ಅವನ ಬಾಯಲ್ಲಿ ಹಾಗೆ. ಅವ್ವ ನನ್ನನ್ನು ರಾಜಾ ಎಂದು ಕೂಗಿದಾಗ ಅವನು ಗೊಂದಲಗೊಂಡು ಇಬ್ಬರ ಮುಖವನ್ನೂ ನೋಡಿದ. ಅಣ್ಣ ಮುಚ್ಚಿಡಲಿಲ್ಲ. ಗೋವೆಯಲ್ಲಿ ಕಲಿತ ಹರುಕುಮುರುಕು ಇಂಗ್ಲಿಷಿನಲ್ಲಿ ಟಿ.ಸಿ.ಯ ಕಥೆ ಪೂರ್ತಿ ಹೇಳಿದ. ರಾಮೋನ್ ನಗಲಿಲ್ಲ. ತನ್ನ ದೇಶದಲ್ಲೂ ಕಾಗದದ ಮೇಲೆ ಎರಡು ವರ್ಷ ಸಣ್ಣವರಾದ ಆಟಗಾರರನ್ನು ನೋಡಿದ್ದೇನೆ ಎಂದನಂತೆ. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದ. ಅಣ್ಣ ಕನ್ನಡ ಮಾಡಿ ಹೇಳುವಾಗ ತಲೆ ತಗ್ಗಿಸಿದ್ದ. "ನಿನಗ ಏನ ಸಿಕ್ತು ಅಂತ ಕೇಳಾಕತ್ತಾನ."

ನಾನು ಗೋಡೆಯ ಮೇಲಿನ ಕಟ್ಟುಗಳನ್ನು ತೋರಿಸಿದೆ. ತಮಾಷೆಗೆ ತೋರಿಸಿದೆ ಎಂದುಕೊಂಡಿದ್ದೆ.

ಮುಂದಿನ ವರ್ಷ ಅಪ್ಪ ತೀರಿಕೊಂಡ. ಅದರ ಮರುವರ್ಷ ರಾಮೋನ್ ಆಡುವುದು ಬಿಟ್ಟು ಗೋವೆಯಲ್ಲೇ ಮಕ್ಕಳಿಗೆ ಆಟ ಕಲಿಸುವ ಒಂದು ಶಾಲೆಯ ಹೊಣೆ ಹೊತ್ತ. ತನ್ನ ಜೊತೆ ಕಲಿಸಲು ಅಣ್ಣನೇ ಬೇಕು ಎಂದ. ಪಗಾರ, ಇರಲು ಮನೆ. ಅಣ್ಣನಿಗೆ ಆಗ ಮೂವತ್ತೈದು — ಕಾಗದದಲ್ಲಿ ಮೂವತ್ತೆರಡು. ಮೊಣಕಾಲು ಆಗಲೇ ಸದ್ದು ಮಾಡುತ್ತಿತ್ತು. ಜೀವನದಲ್ಲಿ ಮೊದಲ ಸಲ ಚೀಲ ಬಿಚ್ಚಿ ಗೂಟಕ್ಕೆ ಅಂಗಿ ತೂಗುಹಾಕುವ ಕೆಲಸ ಬಂದಿತ್ತು. ಆದರೆ ಶಾಲೆಯ ಕಚೇರಿಯವರು ಕೇಳಿದರು: ಆಟದ ಸರ್ಟಿಫಿಕೇಟೆಲ್ಲ ರಾಜೇಸಾಬನವು, ಆಧಾರ ಕಾರ್ಡು ದಾವಲಸಾಬನದು — ಆಡಿದವನು ಯಾರು?

ಅಣ್ಣ ವಿಜಯಪುರದ ವಕೀಲರೊಬ್ಬರಿಂದ ಛಾಪಾ ಕಾಗದದ ಮೇಲೆ ಬರೆಸಿಕೊಂಡು ಬಂದ. ಆ ಮಾತುಗಳು ನನಗೆ ಇಂದಿಗೂ ಬಾಯಿಪಾಠ. ಮೈದಾನದಲ್ಲಿ ಆಡಿದವನು ನಾನಲ್ಲ, ನನ್ನ ಅಣ್ಣ ದಾವಲಸಾಬ. ನನ್ನ ಶಾಲೆಯ ಕಾಗದವನ್ನು ಮನೆಯ ಹಿರಿಯರು ಅವನಿಗೆ ಕೊಟ್ಟಿದ್ದರು. ಆ ಆಟದ ಮೇಲೆ ನನ್ನ ಹಕ್ಕು ಏನೂ ಇಲ್ಲ. ಅಣ್ಣ ತನ್ನ ಸಹಿ ಮಾಡಿದ್ದ. ಅದರ ಕೆಳಗೆ ನನ್ನದಕ್ಕೆ ಜಾಗ. ಮುದ್ದೇಬಿಹಾಳದ ಕೋರ್ಟಿನ ಎದುರು ಕೂರುವ ನೋಟರಿ ವಕೀಲರ ಮುಂದೆ ನಾನು ಸಹಿ ಮಾಡಿ, ಗುರುವಾರದೊಳಗೆ ಗೋವೆಗೆ ಕಳಿಸಬೇಕು. ಹೇಳಿ, ಅಂದೇ ಮಧ್ಯಾಹ್ನದ ಬಸ್ಸಿಗೆ ಅವನು ಹೋದ.

ಸೋಮವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಕೋರ್ಟಿನ ಗೇಟಿನ ತನಕ ಹೋದೆ — ಅಷ್ಟು ಹೋದೆ ಎಂಬುದನ್ನೂ ಹೇಳಲೇಬೇಕು. ಗೇಟಿನ ಹತ್ತಿರ ತಾಂಬಾ ಊರಿನ ಒಬ್ಬ ಗಿರಾಕಿ, ಮಗಳ ಮದುವೆಗೆ ನಮ್ಮಲ್ಲಿ ನಾಲ್ಕು ಗಾದಿ ಮಾಡಿಸಿದ್ದವನು, ನಾಲ್ಕು ಜನರ ನಡುವೆ ನಿಂತಿದ್ದ. ನನ್ನನ್ನು ಕಂಡು ಕೈ ಎತ್ತಿದ.

"ಬರ್ರಿ, ಬರ್ರಿ. ಇವ್ರ ನೋಡ್ರಿ ನಾ ಹೇಳಿದ್ದು, ಫುಟ್ಬಾಲ್ ರಾಜೇಸಾಬ್ರು. ಗೋವಾದಾಗ ಆಡ್ಯಾರ."

ಆ ನಾಲ್ಕು ಜನ ನನ್ನ ಕಾಲು ನೋಡಿದರು. ನಿಜವಾಗಿ ನೋಡಿದರು. ಜೇಬಿನಲ್ಲಿ ಆ ಕಾಗದ ಇತ್ತು — ಆಡಿದವನು ನಾನಲ್ಲ. ಅದಕ್ಕೆ ಸಹಿ ಮಾಡಿದರೆ ನನಗೆ ಏನು ಉಳಿಯುತ್ತದೆ? ಆರನೆಯ ಇಯತ್ತೆಯ ಅರ್ಧ, ಮೂಗಿನಲ್ಲಿ ಹತ್ತಿಯ ಧೂಳು. ಹೆಸರು ಕಿತ್ತುಕೊಂಡರು ಎಂದು ಎಷ್ಟೋ ವರ್ಷ ಸಿಟ್ಟಿನಲ್ಲಿದ್ದವನು ನಾನು. ಆ ಹೆಸರು ಹೊಳಪು ಬಂದು ನನ್ನ ಗೋಡೆಗೇ ಮರಳಿದಾಗ, ಬಿಡಲು — ಬಿಡಲು ಮನಸ್ಸಾಗಲಿಲ್ಲ. ಸಿಟ್ಟಿನಿಂದ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸಿಟ್ಟಲ್ಲ, ಆಸೆ. ಅಣ್ಣನ ಬೆವರಿನ ಮೇಲಿನ ಆಸೆ.

ತಿರುಗಿ ಬಂದೆ.

ಕಾಗದ ಹರಿಯಲಿಲ್ಲ, ಸುಡಲಿಲ್ಲ. ಗಾದಿಯವನು ನಾನು, ಬಚ್ಚಿಡಬೇಕಾದದ್ದನ್ನು ಎಲ್ಲಿಡುತ್ತೇನೆ? ನನ್ನ ಗಾದಿಯ ಮೂಲೆ ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದವನ್ನು ಹತ್ತಿಯ ನಡುವೆ ಇಟ್ಟು ಹೊಲಿದೆ. ಎಂಟು ಹೊಲಿಗೆ. ಗುರುವಾರ ಅಣ್ಣ ಫೋನು ಮಾಡಿದ. ಆ ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ.

"ವಕೀಲರು ಆಗೂದಿಲ್ಲ ಅಂದ್ರು ಅಣ್ಣಾ. ಸೈ ಮಾಡಿದ್ರ ಮೋಸ ಮಾಡೇವಿ ಅಂತ ನಾವಽ ಬರಕೊಟ್ಟಂಗ ಆಕ್ಕೈತಂತ. ಇಬ್ರೂ ಒಳಗ ಹೋಗ್ತೀರಿ ಅಂದ್ರು."

ಆ ಕಡೆ ಹುಡುಗರು ಚೆಂಡು ಒದೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಅಣ್ಣ ಹೇಳಿದ. "ಹೋಗ್ಲಿ ಬಿಡು ರಾಜ್ಯಾ. ನಿನಗ ತ್ರಾಸ ಆಗೂದ ಬ್ಯಾಡ. ನಿನಗ ಹೆಣ್ತಿ ಮಗಳು ಅದಾರ."

ಬೈದಿದ್ದರೆ ಚೆನ್ನಾಗಿತ್ತು. ಯಾಕೆ ಬರುವುದಿಲ್ಲ ಎಂದು ರಾಮೋನ್ ಮೂರು ಸಲ ಕೇಳಿದನಂತೆ, ಕಾಗದದ ಕಾರಣ ಹೇಳಿದರೆ ತಮ್ಮನಿಗೆ ತೊಂದರೆ ಎಂದು ಅಣ್ಣ ತನಗೇ ಇಷ್ಟವಿಲ್ಲ ಎಂದುಬಿಟ್ಟ. ಸ್ನೇಹಿತ ಮುನಿಸಿಕೊಂಡ, ಬೇರೆಯವರನ್ನು ಇಟ್ಟುಕೊಂಡ, ಕೆಲವು ವರ್ಷಕ್ಕೆ ತನ್ನ ದೇಶಕ್ಕೆ ಹೋದ. ಅಣ್ಣ ಊರಿಗೆ ಬಂದು, ಕರೆದವರ ಪರವಾಗಿ ಸುತ್ತಮುತ್ತಲಿನ ಟೂರ್ನಮೆಂಟುಗಳಲ್ಲಿ ಆಡತೊಡಗಿದ. ಸಿಂದಗಿಯವರು ಕರೆದರೆ ಸಿಂದಗಿಗೆ, ಚಡಚಣದವರು ಕರೆದರೆ ಚಡಚಣಕ್ಕೆ. ಎರಡನೆಯ ವರ್ಷ ಇಂಡಿಯಲ್ಲಿ, ಬಿಸಿಲಿಗೆ ಬಾಯಿ ಬಿಟ್ಟಿದ್ದ ಎರೆಮಣ್ಣಿನ ಮೈದಾನದಲ್ಲಿ, ಅವನ ಕಾಲು ಬಿರುಕಿನೊಳಗೆ ಸಿಕ್ಕಿ ಮೈ ಮಾತ್ರ ತಿರುಗಿತು. ಲಿಂಬೆಹಣ್ಣಿನ ಟೆಂಪೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದರು. ನಾನು ಹೋಗುವಷ್ಟರಲ್ಲಿ ಮೊಣಕಾಲು ಕುಂಬಳಕಾಯಿಯಷ್ಟಾಗಿತ್ತು. ನನ್ನನ್ನು ನೋಡಿ ನಕ್ಕು, "ನಿನ್ನ ಹೆಸರ ಇನ್ನ ರಿಟೈರ್ ಆತು ನೋಡು" ಎಂದ.

ಅಂದೇ ಹೇಳಬೇಕಿತ್ತು. ಮಂಚದ ಪಕ್ಕ ಕೂತು ಕಿತ್ತಳೆ ಸುಲಿದುಕೊಟ್ಟೆ.

ಅಲ್ಲಿಂದ ಈ ಏಳು ವರ್ಷ ಅವನು ಅಂಗಡಿಯಲ್ಲಿದ್ದಾನೆ. ಗಾದಿ ಹೊಲಿಯಲು ಗಾದಿಯ ಮೇಲೇ ಮಂಡಿ ಮಡಚಿ ಕೂರಬೇಕು. ಅವನಿಗೆ ಆ ಕಾಲು ಮಡಚುವುದಿಲ್ಲ. ಹಾಗಾಗಿ ದಿನವಿಡೀ ಮಷೀನಿನ ಮುಂದೆ ನಿಂತು ಹತ್ತಿ ಹಾಕುತ್ತಾನೆ, ಬಾಯಿಗೆ ವಸ್ತ್ರ ಕಟ್ಟಿಕೊಂಡು. ಮನೆಯ ಗಾದಿಗಳನ್ನೆಲ್ಲ ಎರಡು ವರ್ಷಕ್ಕೊಮ್ಮೆ ಬಿಚ್ಚಿ ಹಿಂಜುವುದು ನಮ್ಮ ರೂಢಿ. ಪ್ರತಿ ಸಲ ಅವನು ಕೇಳುತ್ತಾನೆ. "ನಿಂದ ಗಾದಿ ಕಲ್ಲ ಆಗೇತಲೊ. ತಗೊಂಬಾ, ಹಿಂಜೂನು." ನಾನು ಪ್ರತಿ ಸಲ ಗಿರಾಕಿಗಳದು ಮೊದಲು ಮುಗಿಯಲಿ ಎನ್ನುತ್ತೇನೆ. ಊರಿಗೆಲ್ಲ ಮೆತ್ತಗಿನ ಗಾದಿ ಮಾಡಿಕೊಡುವವನ ಗಾದಿಯಲ್ಲಿ ಮುಷ್ಟಿಮುಷ್ಟಿ ಗಂಟು. ಒಂಬತ್ತು ವರ್ಷ ನಾನು ಅದರ ಮೇಲೆಯೇ ಮಲಗಿದೆ. ಮೂಲೆಯಲ್ಲಿ ಆ ಪ್ಲಾಸ್ಟಿಕ್ಕು ಸರಸರ ಅನ್ನುತ್ತಿತ್ತು. ಹೆಂಡತಿ ಇಲಿ ಸೇರಿದೆ ಎಂದಳು. ನಾನು ಹೌದೇನೋ ಎಂದೆ.

ಹೋದ ವರ್ಷ ಚಹಾದಂಗಡಿಯ ಶಿವಪ್ಪನಿಗೆ ಹೊಲದ ಕಾಗದದಲ್ಲಿ ಒಂದು ಹೆಸರು, ಆಧಾರದಲ್ಲಿ ಒಂದು ಹೆಸರು ಎಂದು ತೊಡಕಾಯಿತು. ನೋಟರಿಯ ಮುಂದೆ ಸಾಕ್ಷಿಗೆ ನನ್ನನ್ನೇ ಕರೆದೊಯ್ದ. ಓದಿದರು, ಸಹಿ ಹಾಕಿಸಿದರು, ಮುದ್ರೆ ಒತ್ತಿದರು. ಕಾಲು ತಾಸು. ಅವನದು ಬೇರೆ ತೊಡಕು, ನಮ್ಮದು ಬೇರೆ, ಗೊತ್ತು. ಆದರೆ ಕೇಳಿಯಾದರೂ ನೋಡಬಹುದಿತ್ತಲ್ಲ — ಕಾಲು ತಾಸು ಅಲ್ಲಿ ಕೂತು, ಬಾಯಿ ಬಿಟ್ಟು —

ಈ ವರ್ಷ ನನ್ನ ಮಗಳು ಆಸ್ಮಾ ಏಳನೆಯದು ಮುಗಿಸಿದಳು. ಹೈಸ್ಕೂಲಿಗೆ ಸೇರಿಸಲು ಅವಳ ಟಿ.ಸಿ. ತರಲು ಇಬ್ಬರೂ ಹೋದೆವು. ನಾನು ಕಲಿತದ್ದೂ ಅದೇ ಶಾಲೆ ಎಂದು ಮಾತಿಗೆ ಹೇಳಿದೆ. ಹೆಡ್ ಮೇಡಂ ಉಮೇದಿನಿಂದ ಕಪಾಟಿನ ಹಳೆಯ ದಾಖಲೆ ಪುಸ್ತಕ ತೆಗೆಸಿ ನನ್ನ ಹೆಸರು ಹುಡುಕಿದರು. ಕೆಂಪು ಶಾಯಿಯಲ್ಲಿ ಗೆರೆ. ಪಕ್ಕದಲ್ಲಿ, ಶಾಲೆ ಬಿಟ್ಟ ಕಾರಣ: ಫುಟ್ಬಾಲ್ ಆಟಕ್ಕೆ ಆಯ್ಕೆ.

"ನಮ್ಮ ಸಾಲಿಯಿಂದ ಇಂಥಾವ್ರು ಹೋಗ್ಯಾರ ಅಂತ ಗೊತ್ತಽ ಇರಲಿಲ್ರಿ" ಎಂದರು ಮೇಡಂ. "ಶನಿವಾರ ಬಂದು ನಮ್ಮ ಹುಡುಗರ ಮುಂದ ನಾಕ ಮಾತ ಹೇಳ್ರಿ."

ಆಸ್ಮಾ ನನ್ನ ಕಡೆ ನೋಡಿದಳು. ಆಡಿದವನು ದೊಡ್ಡಪ್ಪ ಎಂದು ಅವಳಿಗೆ ಗೊತ್ತು; ಅವನ ಕಾಲಿಗೆ ದಿನಾ ಎಣ್ಣೆ ತಿಕ್ಕುವವಳು ಅವಳೇ. ನಾನು ಏನು ಹೇಳುತ್ತೇನೆ ಎಂದು ಕಾದಳು. ಅಂಗಡಿಯಲ್ಲಿ ನಗುವ ಆ ನಗು ನನ್ನ ಮುಖಕ್ಕೆ ಬಂದೇಬಿಟ್ಟಿತ್ತು. ಮಗಳ ಮುಂದೆ ಅದು ನಿಲ್ಲಲಿಲ್ಲ.

"ಅದು ನಾ ಅಲ್ರಿ" ಎಂದೆ. "ಹೆಸರಷ್ಟಽ ನಂದು. ಆಡಿದಾವ ನಮ್ಮಣ್ಣ. ಶನಿವಾರ ಅವನ್ನ ಕರೀರಿ."

ನಾಲ್ಕೇ ಮಾತು. ಹೇಳಿದ ಮೇಲೆ ಆಕಾಶ ಬೀಳಲಿಲ್ಲ. ಮೇಡಂ ಸರಿ, ಅವರ ಹೆಸರು ಹೇಳಿ ಎಂದು ಪೆನ್ನು ತೆಗೆದುಕೊಂಡರು. ದಾವಲಸಾಬ ಎಂದು ಆಸ್ಮಾ ಹೇಳಿದಳು.

ಇದನ್ನು ಓದುವವರಲ್ಲಿ ನಮ್ಮ ಅಂಗಡಿಗೆ ಬಂದು ಗೋಡೆ ನೋಡಿ ಹೋದವರೂ ಇರಬಹುದು. ನಿಮಗೆಲ್ಲ ಹೇಳುವುದು ಅದೇ ಮಾತು: ಅದು ನಾನಲ್ಲ. ಕಟ್ಟುಗಳು ಅಲ್ಲೇ ಇವೆ. ಪ್ರತಿಯೊಂದರ ಕೆಳಗೆ ಅಣ್ಣನ ಹೆಸರು ಬರೆದು ಅಂಟಿಸಿದ್ದೇನೆ, ತನ್ನದೇ ಗೋಲಿಗೆ ಹೊಡೆದದ್ದರ ಕೆಳಗೂ.

ಆ ದಿನ ಶಾಲೆಯಿಂದ ನೆಟ್ಟಗೆ ಮನೆಗೆ ಹೋಗಿ ನನ್ನ ಗಾದಿಯನ್ನು ಸುತ್ತಿ ಹೆಗಲ ಮೇಲೆ ಹೊತ್ತು ಅಂಗಡಿಗೆ ತಂದೆ. ಹನ್ನೊಂದು ಗಂಟೆಯ ಹೊತ್ತು, ಬಜಾರು ತುಂಬಿತ್ತು. ಅಣ್ಣ ಮಷೀನು ನಿಲ್ಲಿಸಿ ಬಾಯಿಯ ವಸ್ತ್ರ ಇಳಿಸಿದ. "ಇಂದ ಯಾವ ಕಡೆ ಸೂರ್ಯ ಹುಟ್ಟ್ಯಾನೊ?" ಎಂದು ಚೇಷ್ಟೆ ಮಾಡಿದ. ನಾನು ಕೂತು ಮೂಲೆಯ ಎಂಟು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದೆ. ಹತ್ತಿಯೊಳಗೆ ಕೈ ಹಾಕಿ ಕಾಗದ ತೆಗೆದು ಅವನಿಗೆ ಕೊಟ್ಟೆ.

ಅಣ್ಣ ಪ್ಲಾಸ್ಟಿಕ್ಕು ಬಿಚ್ಚಿ, ದೂರ ಹಿಡಿದು ಓದಿದ. ತನ್ನ ಸಹಿ ನೋಡಿದ. ಅದರ ಕೆಳಗಿನ ಖಾಲಿ ಜಾಗ ನೋಡಿದ. ಅಲ್ಲಿಯೇ ಅವನ ಕಣ್ಣು ನಿಂತಿತು.

"ಇದು ಅಂದ ವಕೀಲರ ತನಕ ಹೋಗಽ ಇಲ್ಲೇನು?" ಎಂದ.

ನಾನು ಎದ್ದು ನಿಂತೆ. ಎದುರಿನ ಚಹಾದಂಗಡಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಹೋಗಲಿಲ್ಲ ಅಣ್ಣಾ. ಗೇಟಿನ ತನಕ ಹೋಗಿ ತಿರುಗಿ ಬಂದೆ. ವಕೀಲರು ಏನೂ ಅಂದಿಲ್ಲ, ಸುಳ್ಳು ಹೇಳಿದಾವ ನಾನ. ನನ್ನ ಹೆಸರ ಕೆಡಸೂದಿಲ್ಲ ಅಂದಿದ್ದಿ, ನೀ ಕೆಡಸಲಿಲ್ಲ. ಕೆಡಿಸಿದಾವ ನಾನ. ತಪ್ಪ ಮಾಡೇನಿ ಅಣ್ಣಾ."